ದಿನಕ್ಕೆ ಮೂರು ಹೊಸ ವರ್ಷ

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಕರೆಂಟು ಬಂತು. ಹತ್ತು ಮೂವತ್ತೈದಕ್ಕೆ ಜಹೀರಾಬಾದ್ ಊರೇ ಕಾಣೆಯಾಗಿತ್ತು!

"ಅಕ್ಕಾ... ಜಲ್ದಿ ಬರ್ರಿ! ಊರು ಹೋಗ್ಯಾದ!"

ಮೌನೇಶನ ಕೂಗಿಗೆ ಸ್ವರೂಪಾ ಕೌಂಟರ್ ಬಿಟ್ಟು ಓಡಿದಳು. ಇಂಟರ್‌ನೆಟ್ ಸೆಂಟರಿನ ಹಿಂದಿನ ಸಾಲು, ಆರನೇ ನಂಬರಿನ ಕಂಪ್ಯೂಟರು. ಪರದೆಯ ಮೇಲೆ ಒಂದು ಬೋಳು ಹೊಲ. ನಟ್ಟನಡುವೆ ಒಂದು ಎಮ್ಮೆ. ಅಷ್ಟೇ. ಬಸ್ ಸ್ಟ್ಯಾಂಡಿಲ್ಲ, ರೈಲ್ವೆ ಗೇಟಿಲ್ಲ, ಕಬ್ಬಿನ ಹಾಲಿನ ಗಾಡಿಯಿಲ್ಲ, ಪೊಲೀಸ್ ಠಾಣೆಯಿಲ್ಲ. ಎಂಟು ತಿಂಗಳು ಕೂತು ಕಟ್ಟಿದ ಊರನ್ನು ಆ ಎಮ್ಮೆಯೇ ಮೇಯ್ದು ಮುಗಿಸಿದಂತಿತ್ತು.

ಅದೊಂದು ಗುಂಡು ಹಾರಿಸುವ ಕಂಪ್ಯೂಟರ್ ಆಟ. ಆಡುವವರೇ ತಮಗೆ ಬೇಕಾದ ಊರು ಕಟ್ಟಿಕೊಂಡು, ಅದರ ಗಲ್ಲಿಗಳಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಬಹುದು. ನಾರಾಯಣಖೇಡದ ಕಡೆಯ ಕುರಿಗಾರ ಪೀರಪ್ಪನ ಮಗ ಮೌನೇಶ, ಇಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವವನು, ಜಹೀರಾಬಾದನ್ನೇ ಕಟ್ಟಿದ್ದ. ಭಾನುವಾರ ಹೈದರಾಬಾದಿನಲ್ಲಿ ಅನಿಮೇಷನ್ ಕಲಿಸುವ ಒಂದು ಸಂಸ್ಥೆಯವರು ಹುಡುಗರ ಕೈಕೆಲಸ ನೋಡಿ ನಾಲ್ವರಿಗೆ ಪುಕ್ಕಟೆ ಸೀಟು ಕೊಡುವವರಿದ್ದರು. ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂಬ ಮುಷ್ಕರದಲ್ಲಿ ಬಸ್ಸುಗಳು ನಿಂತಿದ್ದವು; ನಾಳೆ ಬೆಳಿಗ್ಗೆ ಒಂದು ಜೀಪು ಹೊರಡುವುದಿತ್ತು. ಅಷ್ಟರೊಳಗೆ ಊರು ಸಿಗಬೇಕು. ಸಿಗದಿದ್ದರೆ ಮೌನೇಶ ಎಮ್ಮೆಯನ್ನು ತೋರಿಸಲು ಹೈದರಾಬಾದಿಗೆ ಹೋಗಬೇಕಿಲ್ಲ.

"ಇನ್ನೊಂದು ಕಾಪಿ?"

"ಇಲ್ರಿ ಅಕ್ಕಾ. ಇವತ್ತು ಸಿಡಿ ಮಾಡಾಕ ಬಂದಿದ್ದೆ."

ಕೌಂಟರಿನ ಗಾಜು ಒರೆಸುತ್ತಿದ್ದ ಮಾಣಿಕಪ್ಪ ಕಾಕಾ ತಲೆ ಎತ್ತಲಿಲ್ಲ. "ಮಜಾಕ್ ಇರಬೇಕು ಬಿಡೋ. ನಿಮ್ಮವರೇ ಯಾರರೆ ಮಾಡಿರ್ತಾರ."

ಸೆಂಟರು ಕಾಕಾನದು, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಅಣ್ಣನ ಮಗಳು ಸ್ವರೂಪಾಳನ್ನು ಕೌಂಟರಿಗೆ ತಂದು ಕೂಡಿಸಿದ್ದವನೂ ಅವನೇ. ಬಂದವರ ಮುಖ ನೋಡದೆ ರಿಜಿಸ್ಟರಿನ ಕಡೆ ನೋಡಿಯೇ "ಏನು ಬೇಕ್ರಿ" ಎನ್ನುವ ಹುಡುಗಿ ಅವಳು. ಆದರೆ ತಲೆ ತಗ್ಗಿಸಿದವರ ಕಿವಿಗೆ ಎಲ್ಲವೂ ಬೀಳುತ್ತದೆ. ಹಿಂದಿನ ಸಾಲಿನ ಮೂವರ — ಮೌನೇಶ, ಲಾವಣ್ಯ, ಜೈಪಾಲ — ಆಟದೊಳಗಿನ ಆಟಗಳೆಲ್ಲ ಅವಳಿಗೆ ಗೊತ್ತಿದ್ದವು.

ಒಮ್ಮೆ ಲಾವಣ್ಯ ಊರಿನ ಬಾಗಿಲುಗಳನ್ನೆಲ್ಲ ಅದಲುಬದಲು ಮಾಡಿ, ಬಸ್ ಸ್ಟ್ಯಾಂಡಿಗೆ ಹೊಕ್ಕವನು ಸಂಡಾಸಿನಿಂದ ಹೊರಬೀಳುವಂತೆ ಇಟ್ಟಿದ್ದಳು. ಜೈಪಾಲ ಒಂದು ವಾರ ಉಳಿದಿಬ್ಬರ ಬಂದೂಕಿನಲ್ಲೂ ಗುಂಡಿನ ಬದಲು ಆಲೂಗಡ್ಡೆ ತುಂಬಿದ್ದ. ಯಾರು ಚೇಷ್ಟೆ ಮಾಡಿದರೂ ಗುರುತಿಗೆ ಒಂದು ಎಮ್ಮೆ ಬಿಡಬೇಕು. ಮಾಡಿದವರು ಒಪ್ಪಿಕೊಳ್ಳಬಾರದು, ಹಿಡಿದರೆ ಸಮೋಸಾ. ಆಟ ಅತಿಯಾದಾಗ ಯಾರಾದರೂ "ಖೇಲ್ ಖತಂ" ಅಂದರೆ ಮಾತ್ರ ಮುಗಿಯಿತು, ಆಮೇಲೆ ಸುಳ್ಳಾಡುವ ಹಾಗಿಲ್ಲ.

ಹನ್ನೊಂದಕ್ಕೆ ಲಾವಣ್ಯ, ಅವಳ ಹಿಂದೆ ಜೈಪಾಲ ಬಂದರು. ಎಮ್ಮೆ ನೋಡಿ ಇಬ್ಬರೂ ನಕ್ಕರು.

"ವಾಹ್! ಯಾರ ಕೈಚಳಕಪಾ ಇದು?" ಅಂದ ಜೈಪಾಲ.

"ಖೇಲ್ ಖತಂ," ಅಂದ ಮೌನೇಶ.

ನಗು ನಿಂತಿತು.

"ನಾ ಅಲ್ಲ," ಅಂದಳು ಲಾವಣ್ಯ. "ಖೇಲ್ ಖತಂ ಅಂದಮ್ಯಾಗ ಹೇಳಾಕತ್ತೀನಿ. ನಾ ಅಲ್ಲ."

"ನಾನೂ ಅಲ್ಲ."

"ಹಂಗಾದ್ರ ಎಮ್ಮಿ ತಾನೇ ನಡಕೊಂತ ಬಂದದೇನು?" ಮೌನೇಶ ಮೌಸು ಹಿಡಿದು ಫೈಲಿನ ಮೇಲಿಟ್ಟ. "ಇಲ್ಲಿ ನೋಡ್ರಿ. ಬುಧವಾರ, ಹತ್ತು ಗಂಟೆ ಇಪ್ಪತ್ತು ನಿಮಿಷ. ಅವಾಗ ಊರಿನ ಹೆಸರಿನ್ಯಾಗ ಈ ಹೊಲ ಸೇವ್ ಮಾಡ್ಯಾರ. ಬುಧವಾರ ಮುಂಜಾನೆ ಇಲ್ಲಿ ಯಾರಿದ್ರು?"

ಲಾವಣ್ಯ ಬುಧವಾರ ನಾರಾಯಣಖೇಡದಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಮೌನೇಶ ಕಾಲೇಜಿನಲ್ಲಿ ಸರ್ಟಿಫಿಕೇಟಿಗಾಗಿ ಕಾಯುತ್ತಿದ್ದ. ಗುರುವಾರ ಬಂದ್, ಸೆಂಟರು ತೆರೆದಿರಲಿಲ್ಲ.

"ನಾ ಇದ್ದೆ," ಅಂದ ಜೈಪಾಲ. ಮುಖ ಕಪ್ಪಿಟ್ಟಿತ್ತು. "ಇದ್ದೆ ಖರೇ. ಐದನೇ ನಂಬರಿನ್ಯಾಗ ಕೂತು ಆಡಿದೆ, ಹೋದೆ. ಆರು ಮುಟ್ಟಿಲ್ಲ."

"ಸೋಮವಾರ ನೀ ಏನಂದಿ? ಹೈದರಾಬಾದಿನ ಫಾರಮಿನ್ಯಾಗ ನಂದೊಂದೇ ಹೆಸರು ಬರದೀನಂತ ಸಿಟ್ಟಿಗೆದ್ದಿಲ್ಲ?"

"ಸಿಟ್ಟು ಬಂದಿತ್ತು! ರೈಲ್ವೆ ಗೇಟು ಯಾರು ಕಟ್ಯಾರ? ನಾನೇ! ಆದ್ರ ಸಿಟ್ಟು ಬಂತಂತ ಊರು ಸುಡ್ತೀನೇನೋ?"

"ಖೇಲ್ ಖತಂ ಅಂದಮ್ಯಾಗೂ ಸುಳ್ಳು ಹೇಳ್ತಿ."

ಎಂಟು ತಿಂಗಳು "ನಾ ಅಲ್ಲ" ಎಂದು ಸುಳ್ಳು ಹೇಳಿ ನಗಿಸಿದ್ದ ಜೈಪಾಲನಿಗೆ ಈಗ ನಿಜ ಹೇಳಲು ಬೇರೆ ಮಾತು ಉಳಿದಿರಲಿಲ್ಲ. ಅವನು ಬಾಗಿಲ ಕಡೆ ತಿರುಗಿದ.

"ನಿಂದ್ರು ಜೈಪಾಲ."

ಎಲ್ಲರೂ ತಿರುಗಿ ನೋಡಿದರು. ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಸ್ವರೂಪಾ ಎಂದು ನಂಬಲು ಅವರಿಗೆ ಒಂದು ಕ್ಷಣ ಬೇಕಾಯಿತು. ಅವಳಿಗೂ ಬೇಕಾಯಿತು.

"ಐದನೇ ನಂಬರು ಚಾಲೂ ಮಾಡು. ಬುಧವಾರ ಆಡಿದ ಆಟದ ಸ್ಕೋರು ಸೇವ್ ಆಗ್ಯಾದಲ್ಲ, ಅದರ ತಾರೀಖು ನೋಡು."

ಜೈಪಾಲ ಕೂತ. ನೋಡಿದ. "೨೦೦೨, ಜನವರಿ ಒಂದು. ಇದರಾಗೇನದ ಅಕ್ಕಾ? ನಮ್ಮವೆಲ್ಲಾ ಹಂಗೇ ಇರ್ತಾವ."

ಹಂಗೇ ಇರುತ್ತಿದ್ದವು. ಕಾಕಾ ಅಗ್ಗಕ್ಕೆ ಒಂದೇ ಲಾಟಿನಲ್ಲಿ ತಂದ ಹಳೆಯ ಕಂಪ್ಯೂಟರುಗಳು. ಗಡಿಯಾರ ನಡೆಸುವ ಒಳಗಿನ ಗುಂಡನೆಯ ಸೆಲ್ಲು ಆರರಲ್ಲೂ ಸತ್ತಿತ್ತು. ಕರೆಂಟು ಹೋಗಿ ಬಂದರೆ ಗಡಿಯಾರ ಹಿಂದೋಡಿ ೨೦೦೨ರ ಜನವರಿ ಒಂದಕ್ಕೆ ನಿಲ್ಲುತ್ತಿತ್ತು. ಕಲ್ಲಿದ್ದಲು ಗಣಿಯವರೂ ಮುಷ್ಕರಕ್ಕೆ ಇಳಿದ ಮೇಲೆ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಮೂರು ಸಲವೂ ಹಿಂದಿನ ಸಾಲಿನವರು ಎದ್ದು ನಿಂತು ಕೈ ಕುಲುಕಿ "ಹೊಸ ವರ್ಷದ ಶುಭಾಶಯ" ಹೇಳಿಕೊಳ್ಳುತ್ತಿದ್ದರು. ತಮ್ಮ ತಂಡಕ್ಕೆ 'ಜನವರಿ ಒಂದು' ಎಂದೇ ಹೆಸರಿಟ್ಟುಕೊಂಡಿದ್ದರು. ಮುಂದಿನ ಸಾಲಿಗೆ ಮೇಲ್ ನೋಡಲು ಗಿರಾಕಿ ಬರುತ್ತಾರೆ. ತಾರೀಖು ತಪ್ಪಿದ್ದರೆ ಮೇಲ್ ತೆರೆಯುವುದಿಲ್ಲ. ಅದಕ್ಕೆ ಅಲ್ಲಿ ಸ್ವರೂಪಾ ಪ್ರತಿ ಸಲವೂ ಗಡಿಯಾರ ತಿದ್ದುತ್ತಿದ್ದಳು. ಹಿಂದಿನ ಸಾಲಿನಲ್ಲಿ ಇಂಟರ್‌ನೆಟ್ಟೇ ಇಲ್ಲ. ಅಲ್ಲಿ ಯಾರಿಗೆ ಬೇಕು ತಾರೀಖು?

"ಮೌನೇಶ, ಆರನೇ ನಂಬರಿನ್ಯಾಗ ನಿನ್ನ ಎಲ್ಲಾ ಫೈಲು ತೋರಿಸು."

ಜನವರಿ ಒಂದು. ಜನವರಿ ಒಂದು. ಜನವರಿ ಒಂದು... ಮೇಲಿಂದ ಕೆಳಗಿನ ತನಕ. ನಡುವೆ ಒಂದೇ ಒಂದು ಬುಧವಾರ.

"ನೀವು ಮೂವರಾಗ ಯಾರರೆ, ಯಾವತ್ತರೆ, ಗಡಿಯಾರ ತಿದ್ದೀರೇನು?"

"ಇಲ್ರಿ," ಅಂದಳು ಲಾವಣ್ಯ. "ಕರೆಂಟ್ ಬಂತಂದ್ರ ಆಟಕ್ಕ ಕೂಡೋದೇ."

"ಬುಧವಾರ ಹತ್ತಕ್ಕ ಕರೆಂಟ್ ಬಂದದಂತ ರಿಜಿಸ್ಟರಿನ್ಯಾಗ ಅದ. ಈ ಫೈಲು ಮಾಡ್ದವರು ಮೊದಲು ಕೂತು ತಾರೀಖು ಸರಿ ಮಾಡ್ಯಾರ, ಆಮ್ಯಾಲೆ ಇದನ್ನ ಸೇವ್ ಮಾಡ್ಯಾರ. ಜೈಪಾಲ ಕಳ್ಳನಾಗಿದ್ರ ಗಡಿಯಾರ ಮುಟ್ಟತಿರಲಿಲ್ಲ. ಎಲ್ಲದರ ಹಂಗ ಇದೂ ಜನವರಿ ಒಂದು ಆಗತಿತ್ತು. ಯಾವ ದಿನದ್ದಂತ ದೇವರಿಗೂ ತಿಳೀತಿರಲಿಲ್ಲ. ತನ್ನ ಮ್ಯಾಲೆ ತಾನೇ ಸಾಕ್ಷಿ ಯಾರು ಬರಕೊಂತಾರ?"

ಮೌನೇಶ ಜೈಪಾಲನ ಕಡೆ ನೋಡಿದ. ಕೂಡಲೇ ನೆಲ ನೋಡಿದ.

"ಹಂಗಾದ್ರ ಗಡಿಯಾರ ತಿದ್ದೋರು... ನೀವೊಬ್ಬರೇ ಅಲ್ಲೇನ್ರಿ ಅಕ್ಕಾ?" ಅಂದಳು ಲಾವಣ್ಯ, ಹೆದರಿ ಹೆದರಿ.

"ನಾ ಮಂಗಳವಾರ ಸಂಜಿಗೆ ತಾಂಡೂರಿಗೆ ಹೋಗೀನಿ. ಪಾರ್ವತಿಬಾಯಿ ಅತ್ತಿ ಮನಿಗೆ. ಬಂದದ್ದು ನಿನ್ನಿ ರಾತ್ರಿ." ಸ್ವರೂಪಾಳ ದನಿ ಸಣ್ಣದಾಯಿತು. "ಹೋಗೋ ಮುಂದ ನನ್ನ ಬದಲಿ ಕೌಂಟರಿಗೆ ಕೂಡೋರಿಗಂತ ಒಂದು ಚೀಟಿ ಬರದಿಟ್ಟಿದ್ದೆ. 'ಕರೆಂಟ್ ಬಂದ ಕೂಡಲೇ ಮೊದಲು ಗಡಿಯಾರ ಸರಿ ಮಾಡಬೇಕು, ಆಮೇಲೆ ಬೇರೆ ಕೆಲಸ.' ಮುಂದಿನ ಸಾಲಿಗೆ ಅಷ್ಟೇ ಅಂತ ಬರೆಯೋದು ಮರೆತೆ."

ಅವಳು ಹಿಂತಿರುಗಿ ನೋಡಲಿಲ್ಲ. ನೋಡಿದರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು. ಪರದೆಯ ಮೇಲಿನ ಎಮ್ಮೆಗೇ ಹೇಳುವಂತೆ ಹೇಳಿದಳು.

"ಕಾಕಾ... ಖೇಲ್ ಖತಂ."

ಗಾಜಿನ ಮೇಲೆ ಬಟ್ಟೆ ಉಜ್ಜುವ ಸದ್ದು ನಿಂತಿತು.

"ಮೌಸ್ ಹಿಡಿಯಾಕ ಬರಲ್ಲ ಕಾಕಾಗ!" ಅಂದ ಜೈಪಾಲ.

"ಬರ್ತದೋ," ಅಂದ ಮಾಣಿಕಪ್ಪ. ಬಂದು ಅವರ ನಡುವಿನ ಸ್ಟೂಲಿನ ಮೇಲೆ ಕುಸಿದಂತೆ ಕೂತ. "ಎಂಟು ತಿಂಗಳು ನಿಮ್ಮ ಬೆನ್ನ ಹಿಂದ ನಿಂತು ನೋಡೀನಿ. ಯಾವ ಫೈಲು ಎಲ್ಲಿ ಇಡ್ತೀರಿ, ಹ್ಯಾಂಗ ಬದಲಿ ಮಾಡ್ತೀರಿ, ಯಾಕ ಎಮ್ಮಿ ಬಿಡ್ತೀರಿ — ಎಲ್ಲಾ. ಮೌನೇಶ ಮೊದಲ ದಿನ ಮಾಡಿದ ಹೊಲ ಅದ ಅದು. ಬುಧವಾರ ಜೈಪಾಲ ಬರೋದಕ್ಕ ಮೊದಲು ಅದನ್ನೇ ಇಟ್ಟೆ. ನಿಮ್ಮವರದೇ ಚೇಷ್ಟೆ ಅಂದುಕೊಂಡು ನಗ್ತೀರಿ, ಎರಡು ದಿನ ಹುಡುಕ್ತೀರಿ, ಜೀಪು ಹೋಗಿಬಿಡ್ತದ ಅಂತ ತಿಳದೆ."

"ಯಾಕ ಕಾಕಾ? ನಾ ಏನು ಮಾಡೀನಿ ನಿಮಗ?" ಅಂದ ಮೌನೇಶ.

"ಮಂಗಳವಾರ ಜೀಪಿನ ಪೋಚಪ್ಪ ಬಂದಿದ್ದ. ಏನಂದ ಗೊತ್ತದೇನು? 'ನಿನ್ನ ಸೆಂಟರಿನ ಹುಡುಗರು ಕೊಹೀರಿನಿಂದ ಬರೋ ಮುಂದ ಜೀಪಿನ್ಯಾಗ ಏನೇನೋ ಮಾತಾಡ್ಯಾರ. ಠಾಣೆದ ಹಿಂದಿನ ಗ್ವಾಡಿ ಕಮಜೋರ್ ಅದ, ಎರಡು ಬಾಂಬು ಸಾಕು, ಬಸ್ ಸ್ಟ್ಯಾಂಡ್ ನಾ ನೋಡಕೊಂತೀನಿ — ಅಂತ. ಸೀಟಿನ್ಯಾಗಿನ ಮಂದಿ ಉಸುರು ಬಿಟ್ಟಿಲ್ಲ.' ಮಾತಾಡೀರೋ ಇಲ್ಲೋ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡಿದ್ದರು. ದಿನಾ ಮಾತಾಡುತ್ತಿದ್ದರು. ಅವರ ಪಾಲಿಗೆ ಆ ಠಾಣೆ ನಾಲ್ಕು ಬೂದು ಗೋಡೆಗಳ ಒಂದು ಚಿತ್ರ. ಜೀಪಿನಲ್ಲಿ ಕೂತವರ ಪಾಲಿಗೆ ಅದು ಠಾಣೆಯೇ.

"ಈ ದಿನಗಳಾಗ ಪೊಲೀಸರು ಕಲ್ಲು ಹಿಡದವರ ಹೆಸರು ಬರಕೊಳ್ಳಾಕತ್ಯಾರ," ಅಂದ ಕಾಕಾ. "ನೀ ನಮ್ಮ ಊರಿನ ಠಾಣೆ ಇದ್ದದ್ದು ಇದ್ದ ಹಂಗ ಮಾಡಿ, ಅದನ್ನ ಒಡೆಯೋ ಆಟ ಮಾಡಿ, ಸಿಡಿ ಕಿಸೆದಾಗ ಇಟ್ಟಕೊಂಡು ಹೈದರಾಬಾದಿಗೆ ಹೊಂಟಿ. ದಾರಿಗುಂಟ ತಪಾಸಣೆ ಅದ. ಯಾರರೆ ತೆಗೆದು ನೋಡಿದ್ರ? ನಿಮ್ಮಪ್ಪ ಪೀರಪ್ಪ ಕುರಿ ಬಿಟ್ಟು ಯಾವ ಊರಿನ ಠಾಣೆ ಬಾಗಿಲಿಗೆ ನಿಂದ್ರಬೇಕು?"

"ಹೇಳಬೇಕಿತ್ತು ಕಾಕಾ."

"ಹೇಳಿದ್ರ ಕೇಳತಿದ್ದಿ? ನಗತಿದ್ದಿ. ಮಾಣಿಕಪ್ಪ ಕಾಕಾ ಅಂಜಬುರುಕ ಅಂತಿದ್ದಿ." ಅವನು ಅಂಗಿಯ ಒಳಜೇಬಿನಿಂದ ಪೇಪರಿನಲ್ಲಿ ಸುತ್ತಿದ ಒಂದು ಸಿಡಿ ತೆಗೆದ. "ಅಳಿಸಿಲ್ಲ. ಅಳಿಸಾಕ ಕೈ ಬರಲಿಲ್ಲ. ಆದ್ರ ಜೈಪಾಲನ ಮ್ಯಾಲೆ ಬರ್ತದಂತ ನಾ ಅಂದುಕೊಂಡಿಲ್ಲೋ. ಅವನ ಮಾರಿ ನೋಡಾಕ ಆಗದೇ ಗಾಜು ತಿಕ್ಕಕೊಂತ ನಿಂತಿದ್ದೆ. ತಪ್ಪಾತು ಜೈಪಾಲ."

"ಇರಲಿ ಬಿಡ್ರಿ ಕಾಕಾ," ಅಂದ ಜೈಪಾಲ. ಆಮೇಲೆ, "ಹೊಲದಾಗ ಎಮ್ಮಿ ಮಾತ್ರ ಚಲೋ ಕೂಡಿಸೀರಿ," ಅಂದ.

ಸಿಡಿ ತಿರುಗಿತು. ಊರು ಬಂತು — ರೈಲ್ವೆ ಗೇಟು, ಬಸ್ ಸ್ಟ್ಯಾಂಡು, ಕಬ್ಬಿನ ಹಾಲಿನ ಗಾಡಿ, ಠಾಣೆ. ಮೌನೇಶ ಠಾಣೆಯ ಮುಂದೆ ಬಹಳ ಹೊತ್ತು ನಿಂತ. ಅದಕ್ಕೆ ಅವನು ಎರಡು ವಾರ ಸುರಿದಿದ್ದ. ಕಿಟಕಿಯ ಸರಳುಗಳನ್ನು ಕೂಡ ಎಣಿಸಿ ಹಾಕಿದ್ದ. ಗಂಟೆ ಹನ್ನೆರಡಾಗುತ್ತಿತ್ತು. ಎರಡಕ್ಕೆ ಮತ್ತೆ ಕರೆಂಟು ಹೋಗುತ್ತದೆ.

ಅವನು ಠಾಣೆಯನ್ನು ಅಳಿಸಿದ. ಒಂದೇ ಒತ್ತು.

ಊರ ನಡುವೆ ಹಲ್ಲು ಬಿದ್ದಂತೆ ಒಂದು ಖಾಲಿ ಜಾಗ.

"ಜೈಪಾಲ, ಈ ಕಡೆ ಕೂಡು," ಅಂದ ಮೌನೇಶ, ಪರದೆಯಿಂದ ಕಣ್ಣು ತೆಗೆಯದೆ. "ಗ್ವಾಡಿ ನಿನ್ನಷ್ಟು ಜಲ್ದಿ ನನಗ ಕಟ್ಟಾಕ ಬರಲ್ಲ. ಫಾರಮಿನ್ಯಾಗ ಒಂದೇ ಹೆಸರಿಗೆ ಜಾಗ ಇತ್ತು. ಊರಿನ್ಯಾಗ ಜಾಗ ಅದ. ರೈಲ್ವೆ ಗೇಟಿನ ಮ್ಯಾಲೆ ನಿನ್ನ ಹೆಸರು ಬರಿ."

ಜೈಪಾಲ ಕುರ್ಚಿ ಎಳೆದುಕೊಂಡ. ಲಾವಣ್ಯ ಇಬ್ಬರ ನಡುವೆ ತಲೆ ತೂರಿಸಿದಳು.

"ಇಲ್ಲಿ ಏನು ಕಟ್ಟೋದು? ಬ್ಯಾಂಕು? ಸಿನೆಮಾ ಟಾಕೀಸು?"

ಆಗ ಮಾಣಿಕಪ್ಪ ಸಂಕೋಚದಿಂದ ಕೆಮ್ಮಿದ.

"ಊರೆಲ್ಲಾ ಕಟ್ಟೀರಿ. ನಮ್ಮ ಸೆಂಟರ್ ಎಲ್ಲೂ ಕಾಣಲಿಲ್ಲ ನನಗ."

ಮೂವರೂ ಪರದೆ ನೋಡಿದರು. ಹೌದು, ಇರಲಿಲ್ಲ. ಎಂಟು ತಿಂಗಳು ದಿನಾ ಇಲ್ಲಿಯೇ ಕೂತು ಊರು ಕಟ್ಟಿದವರಿಗೆ ತಾವು ಕೂತ ಜಾಗವೇ ನೆನಪಾಗಿರಲಿಲ್ಲ!

ಜೈಪಾಲನ ಕೈ ಓಡತೊಡಗಿತು. ಗೋಡೆ ಎದ್ದಿತು, ಬಾಗಿಲು ಬಂತು, ಹಿಂದಿನ ಸಾಲು, ಮುಂದಿನ ಸಾಲು, ಕೌಂಟರು.

"ಕೌಂಟರಿನ್ಯಾಗ ಕಾಕಾನ್ನ ಕೂಡಿಸಲೇನ್ರಿ?" ಅಂದ ಮೌನೇಶ.

"ನಾ ಬ್ಯಾಡಪಾ. ನನ್ನ ಕಣ್ಣು ತಪ್ಪಿಸಿ ಯಾರು ಬೇಕಾದ್ರೂ ದಾಟಿ ಹೋಗ್ತಾರ." ಮಾಣಿಕಪ್ಪ ಅಣ್ಣನ ಮಗಳ ಕಡೆ ಗಲ್ಲ ಎತ್ತಿ ತೋರಿಸಿದ. "ಆಕಿನ್ನ ಕೂಡಿಸು."