ನಡೆಸುವವರಿಗೆ ಮಾತ್ರ

ವಾರದ ರಜೆ ಮುಗಿದ ಬೆಳಿಗ್ಗೆ ಗ್ರಂಥಾಲಯದ ನೆಲಮಾಳಿಗೆಯ ಬಾಗಿಲು ತೆರೆದವನು ಅಲ್ಲಿನ ಜವಾನನಾದ ನನ್ನ ತಮ್ಮ. ಕಿರುಚಿಕೊಂಡವನೂ ಅವನೇ. ನಾನು ಮೇಲಿನ ಬೈಂಡಿಂಗ್ ಕೋಣೆಯಿಂದ ಅಂಟು ಮೆತ್ತಿದ ಕೈಯಲ್ಲೇ ಓಡಿ ಬಂದೆ.

ಬಾಗಿಲ ಹಿಂದೆಯೇ, ದಿನಾ ಹಳೆಯ ಪತ್ರಿಕೆ ಓದಲು ಬರುತ್ತಿದ್ದ ಸಂಪಾದಕರು ಬಿದ್ದಿದ್ದರು. ಉಸಿರಿರಲಿಲ್ಲ. ಎರಡೂ ಮುಷ್ಟಿ ಊದಿಕೊಂಡಿದ್ದವು. ಜೇಬಿನ ಇನ್ಹೇಲರ್ ಖಾಲಿಯಾಗಿತ್ತು. ಎದೆಗೆ ಒಂದು ಹಳೆಯ ಪತ್ರಿಕೆ ಅವಚಿಕೊಂಡಿದ್ದರು. ಉಬ್ಬಸದ ಒಂಟಿ ಮನುಷ್ಯ. ಮನೆಗೆ ಬರಲಿಲ್ಲವೆಂದು ಹುಡುಕುವವರೂ ಇರಲಿಲ್ಲ. ಗಾಳಿಯಿಲ್ಲದ, ಫೋನಿಗೆ ಸಿಗ್ನಲ್ ಇಲ್ಲದ ಆ ಕೋಣೆಯಲ್ಲಿ ಎಷ್ಟು ಹೊತ್ತು ಬಾಗಿಲು ಬಡಿದರೋ ಏನೋ.

ಆ ಬಾಗಿಲು ಎಳೆದರೆ ಸಾಕು, ತಾನೇ ಬೀಗ ಬೀಳುತ್ತದೆ. ಒಳಗಿನಿಂದ ತೆರೆಯಲಾಗದು. ಅದಕ್ಕೇ ಯಾರಾದರೂ ಒಳಗಿದ್ದರೆ ಬಾಗಿಲು ಮುಚ್ಚದಂತೆ ಮರದ ಗುಟ್ಟ ಕೊಟ್ಟು, ಪಕ್ಕದ ಮೊಳೆಗೆ ಅವರ ಹಿತ್ತಾಳೆಯ ಬಿಲ್ಲೆ ತಗುಲಿಹಾಕುವುದು ಪದ್ಧತಿ. ಹೊರಡುವಾಗ ಬಿಲ್ಲೆಯನ್ನು ಕೌಂಟರಿನ ಡಬ್ಬಿಗೆ ಹಾಕಬೇಕು.

"ಬಿಲ್ಲೆ ಡಬ್ಬೀಲಿತ್ತು ಸಾರ್. ಬಾಗಿಲೂ ಹಾಕಿತ್ತು. ಅದಕ್ಕೇ ದೀಪ ಆರಿಸ್ಕೊಂಡು ಹೋದೆ," ಎಂದ ತಮ್ಮ.

"ಒಳಗಿದ್ದೋರು ಹೊರಗೆ ಬಂದು ಬಿಲ್ಲೆ ಹಾಕಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು. "ಇರೋದು ಒಂದೇ ಕೀ. ಅದು ನಿನ್ನ ಹತ್ರ. ಒಳಗೆ ಜನ ಇರೋದು ಮರೆತು ಬಾಗಿಲು ಎಳೆದಿದೀಯ. ಬೆಳಿಗ್ಗೆ ಹೆಣ ನೋಡಿ, ಬಿಲ್ಲೆ ತಂದು ಡಬ್ಬಿಗೆ ಹಾಕಿದೀಯ. ನಡಿ."

ಇಪ್ಪತ್ತೆರಡು ವರ್ಷದ ನೌಕರಿ, ಮದುವೆಗೆ ಬಂದ ಮಗಳು. ತಮ್ಮ ಬೆಪ್ಪನಂತೆ ಜೀಪು ಹತ್ತಿದ. ನಾನು ಇನ್ಸ್‌ಪೆಕ್ಟರಿಗೆ ಬಾಯಿಗೆ ಬಂದಂತೆ ಬೈದೆ. ಆ ಮನುಷ್ಯ ಸಿಟ್ಟಾಗಲಿಲ್ಲ.

"ನಾಳೆ ಮಧ್ಯಾಹ್ನ ಕೋರ್ಟಿಗೆ ಹಾಜರು ಮಾಡ್ತೀವಮ್ಮ. ಅವನು ಮಾಡಿಲ್ಲ ಅನ್ನೋಕೆ ಏನಾದ್ರೂ ಇದ್ರೆ ಅಷ್ಟರೊಳಗೆ ತನ್ನಿ. ಅಂದ ಹಾಗೆ, ಈ ಪತ್ರಿಕೆ ನಿಮ್ಮಲ್ಲಿನದೇನಾ ನೋಡಿ."

* * *

ನಮ್ಮದೇ. ಮೂವತ್ತು ವರ್ಷದ ಹಿಂದೆ ಸಂಪಾದಕರೇ ನಡೆಸುತ್ತಿದ್ದ ಮಾಸಿಕ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬ ಕಳ್ಳ, ಒಬ್ಬ ಮಂತ್ರವಾದಿ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸಿ ಕಥೆ ಬೆಳೆಸುವ ಆಟದ ಪತ್ರಿಕೆ. ಒಬ್ಬ ಆಟ ನಡೆಸುವವ. ಗುಹೆಯಲ್ಲಿ ಏನಡಗಿದೆ ಎಂಬುದು ಅವನಿಗೆ ಮಾತ್ರ ಗೊತ್ತು.

ಒಂದು ತಿಂಗಳಿಂದ ಸಂಪಾದಕರು ದಿನಾ ಬಂದು ಮೊದಲ ಸಂಚಿಕೆಯಿಂದ ಓದುತ್ತಿದ್ದರು. ಪತ್ರಿಕೆಯ ಕಥೆಯನ್ನೇ ಒಂದು ಪುಸ್ತಕ ಮಾಡುವ ಆಸೆ. "ನೋಡಮ್ಮ ಇಲ್ಲಿ! ಡ್ರ್ಯಾಗನ್ನು ಅಡುಗೆಮನೆ ಬಾಗಿಲಲ್ಲಿ ತೂರುತ್ತಾ ಇಲ್ವಾ ಅಂತ ಏಳು ತಿಂಗಳು ಜಗಳ ಆಡಿದಾರೆ!" ಎಂದು ಓದುಗರ ಪತ್ರ ತೋರಿಸಿ ಒಬ್ಬರೇ ನಗುತ್ತಿದ್ದರು.

ಅವರ ಎದೆಯ ಮೇಲಿದ್ದದ್ದು ಕೊನೆಯ ಸಂಚಿಕೆ. ಅವರು ಹಾಸಿಗೆ ಹಿಡಿದಿದ್ದಾಗ ಅವರ ತಂಗಿ ಒಬ್ಬಳೇ ಅಚ್ಚುಮಾಡಿಸಿದ್ದು. ಮಾರಾಟಕ್ಕೆ ಬರುವ ಮುಂಚೆಯೇ ಪತ್ರಿಕೆ ಮುಚ್ಚಿತು, ಅದೇ ವರ್ಷ ತಂಗಿಯೂ ತೀರಿಕೊಂಡರು. ಉಳಿದದ್ದು ಈ ಒಂದೇ ಪ್ರತಿ.

ಪ್ರತಿ ಸಂಚಿಕೆಯಲ್ಲೂ 'ನಡೆಸುವವರಿಗೆ ಮಾತ್ರ' ಎಂಬ ಎರಡು ಹಾಳೆ ಇರುತ್ತವೆ. ಆಟಗಾರರು ಕದ್ದು ನೋಡಬಾರದೆಂದು ಮೇಲಂಚು, ಪಕ್ಕದಂಚು ಎರಡನ್ನೂ ಕತ್ತರಿಸದೆ, ಮುಚ್ಚಿದ ಲಕೋಟೆಯಂತೆ ಹಾಗೇ ಬಿಡುತ್ತಿದ್ದರು. ಈ ಸಂಚಿಕೆಯಲ್ಲಿ ಮೇಲಂಚನ್ನು ಸೀಳಲಾಗಿತ್ತು. ಹಾಳೆಯೆಲ್ಲ ಕಂದು, ಸೀಳಿದ ಅಂಚು ಮಾತ್ರ ಬಿಳಿ. ಮೊನ್ನೆ ಮೊನ್ನೆಯ ಸೀಳು. ಹೆಬ್ಬೆರಳಗಲಕ್ಕೊಮ್ಮೆ ಕಾಗದ ಕಿತ್ತು ನಾರು ಎದ್ದಿತ್ತು. ಅಂದರೆ ಚಾಕುವಿನ ಬಾಯಿ ಮುಕ್ಕಾಗಿದೆ.

"ಸತ್ತವರ ಹತ್ರ ಚಾಕು ಇತ್ತಾ ಸಾರ್?"

"ಇಲ್ಲ."

"ಹಾಗಾದ್ರೆ ಒಳಗೆ ಇನ್ನೊಬ್ಬರಿದ್ರು. ತಮ್ಮ ಟೀಗೆ ಹೋಗಿದ್ದಾಗ ಬಂದಿದಾರೆ."

ಇನ್ಸ್‌ಪೆಕ್ಟರ್ ನನ್ನನ್ನೇ ನೋಡಿದರು. "ಯಾರು?"

ಸಂಪಾದಕರ ಹೊರತು ಈ ಪತ್ರಿಕೆ ಕೇಳಿಕೊಂಡು ಕೌಂಟರಿಗೆ ಬರುತ್ತಿದ್ದವರು ಇಬ್ಬರೇ. ಒಬ್ಬ ಹಳೆಯ ಪತ್ರಿಕೆ ಕೂಡಿಡುವ ಸಂಗ್ರಾಹಕ. ಕಳೆದ ವಾರವಷ್ಟೇ ಕೌಂಟರಿನ ಮುಂದೆ ನಿಂತು, "ಆ ಕೊನೇ ಸಂಚಿಕೆ ಹೇಗಾದ್ರೂ ತಗೊಂಡೇ ತಗೋತೀನಿ!" ಎಂದು ಸಂಪಾದಕರ ಮೇಲೆ ಕೂಗಾಡಿದ್ದ. ಇನ್ನೊಬ್ಬರು ಮಾಸ್ತರು. ಆಟಕ್ಕೆಂದು ಪತ್ರಿಕೆಯಲ್ಲಿ ಬಂದ ಸಾಹಸಕಥೆಗಳನ್ನೆಲ್ಲ ಬರೆದವರು, ದೊಡ್ಡ ಹೆಸರು. ಅವುಗಳಲ್ಲೊಂದು ಈಗ ಸಿನಿಮಾ ಆಗುತ್ತಿದೆ. "ನೆಲಮಾಳಿಗೆಗಾ? ಇಪ್ಪತ್ತು ವರ್ಷದಿಂದ ಇಳಿದಿಲ್ಲಪ್ಪ," ಎಂದು ಪೊಲೀಸರಿಗೆ ಹೇಳಿದ್ದರು.

* * *

ಮರುದಿನ ಹತ್ತು ಗಂಟೆಗೆ ನಾನೂ ಇನ್ಸ್‌ಪೆಕ್ಟರೂ ಸೇರಿ ಅವರಿಬ್ಬರನ್ನೂ ನೆಲಮಾಳಿಗೆಗೆ ಕರೆಸಿದೆವು. ಎರಡು ಕಪಾಟಿನ ನಡುವೆ ಒಂದು ಮೇಜು, ತಲೆಗೆ ತಾಗುವಂಥ ಸೂರು. ಐದು ನಿಮಿಷಕ್ಕೇ ನನ್ನ ಬೆನ್ನು ಒದ್ದೆಯಾಯಿತು. ಮಧ್ಯಾಹ್ನ ತಮ್ಮನಿಗೆ ಕೋರ್ಟು.

"ಸಂಪಾದಕರ ಪುಸ್ತಕ ನಾವೇ ಮುಗಿಸೋಣ ಅಂತಿದೀವಿ," ಎಂದೆ. ಅಂಚು ಬಿಡಿಸದ ಬೇರೊಂದು ಸಂಚಿಕೆ ಮೇಜಿನ ಮೇಲಿಟ್ಟು, ನನ್ನ ಚಾಕುವನ್ನು ಪಕ್ಕದಂಚಿಗೆ ಹಿಡಿದೆ.

"ಕತ್ತರಿಸ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ!" ಸಂಗ್ರಾಹಕ ಬಾಯಿ ಬಾಯಿ ಬಡಿದುಕೊಂಡ. "ಕತ್ತರಿಸಿದ್ರೆ ಮುಗೀತು, ರದ್ದಿ ಅದು!"

ಮಾಸ್ತರು ನನ್ನ ಕೈಯನ್ನೇ ಹಿಡಿದರು. "ಅಯ್ಯಯ್ಯೋ, ಪಕ್ಕ ಅಲ್ಲಮ್ಮ! ಪಕ್ಕ ಸೀಳಿದ್ರೆ ಎದುರಿಗೆ ಕೂತೋರಿಗೆಲ್ಲ ಕಾಣಲ್ವಾ? ಮೇಲೆ ಮಾತ್ರ ಸೀಳಬೇಕು. ಬಗ್ಗಿ ಇಣುಕಿ ಓದಬೇಕು. ಆಟ ನಡೆಸೋರು ಮಾಡೋದೇ ಹಾಗೆ. ಕೊಡಿ ಇಲ್ಲಿ."

ಜೇಬಿನಿಂದ ಕೊಂಬಿನ ಹಿಡಿಯ ಚಾಕು ತೆಗೆದು ಸರಸರನೆ ಸೀಳಿದರು. ನಾನು ಎರಡೂ ಸಂಚಿಕೆಗಳನ್ನು ಅಕ್ಕಪಕ್ಕ ಇಟ್ಟೆ. ಅದೇ ಮೇಲಂಚು. ಹೆಬ್ಬೆರಳಗಲಕ್ಕೊಮ್ಮೆ ಅದೇ ನಾರು.

ಇನ್ಸ್‌ಪೆಕ್ಟರ್ ಕಣ್ಸನ್ನೆ ಮಾಡಿದರು. ಹೊರಗಿದ್ದ ಪೇದೆ ಗುಟ್ಟ ತೆಗೆದ. ಬಾಗಿಲು ಧಡ್ ಎಂದು ಮುಚ್ಚಿತು.

"ಬಾಗಿಲು ಯಾಕೆ ಹಾಕಿದ್ರಿ?" ಮಾಸ್ತರು ಎದ್ದು ನಿಂತರು.

"ಕೂತ್ಕೊಳ್ಳಿ ಮಾಸ್ತರೇ. ಇದನ್ನ ಸೀಳಿದ್ದು ಯಾರು ಅಂತ ಹೇಳ್ತೀನಿ," ಎಂದೆ. "ಸಂಗ್ರಾಹಕ ಪ್ರಾಣ ಹೋದ್ರೂ ಸೀಳೋನಲ್ಲ. ಬಂದಿದ್ದೋನು ಅವನೇ ಆಗಿದ್ರೆ ಪತ್ರಿಕೇನ ಬಿಟ್ಟು ಹೋಗ್ತಿರಲಿಲ್ಲ. ಸಂಪಾದಕರ ಹತ್ರ ಚಾಕೇ ಇಲ್ಲ. ನನ್ನಂಥೋರು ಸೀಳಿದ್ರೆ ಪಕ್ಕ ಸೀಳ್ತೀವಿ. ಮೇಲಂಚು ಮಾತ್ರ ಸೀಳೋದು ಆಟ ನಡೆಸೋರು. ಗೌರವ ಅಂತ ಸಂಪಾದಕರು ನಿಮ್ಮ ಕೈಗೇ ಕೊಟ್ಟಿದಾರೆ. ನೀವು ಇಣುಕಿ ಓದಿದೀರಿ. ಅದರಲ್ಲೇನಿತ್ತು?"

ಇನ್ಸ್‌ಪೆಕ್ಟರ್ ಹಾಳೆಯೊಳಗೆ ಟಾರ್ಚ್ ಬಿಟ್ಟು ಜೋರಾಗಿ ಓದಿದರು: "ಈ ಪತ್ರಿಕೆಯ ಎಲ್ಲ ಸಾಹಸಗಳನ್ನು ಬರೆದವಳು ನಾನು. ಹೆಣ್ಣು ಬರೆದರೆ ಯಾರೂ ಆಡುವುದಿಲ್ಲವೆಂದು ಮಾಸ್ತರರ ಹೆಸರು ಹಾಕಿದೆವು. ಅಣ್ಣನಿಗೂ ಹೇಳಿರಲಿಲ್ಲ." ಕೆಳಗೆ ಸಂಪಾದಕರ ತಂಗಿಯ ಸಹಿ.

ಮಾಸ್ತರರ ಮುಖ ಸುಣ್ಣದಂತಾಯಿತು. "ಅವನೂ ಇಣುಕಿ ಓದಿದ. ಪುಸ್ತಕದಲ್ಲಿ ಇದನ್ನೇ ಮೊದಲು ಹಾಕ್ತೀನಿ ಅಂದ. ಎಷ್ಟು ಬೇಡಿಕೊಂಡ್ರೂ ಪತ್ರಿಕೆ ಕೊಡಲಿಲ್ಲ. ಸಿಟ್ಟಲ್ಲಿ ಬಾಗಿಲು ಎಳೆದುಬಿಟ್ಟೆ, ಅಷ್ಟೇ. ಸಾಯಲಿ ಅಂತ ಅಲ್ಲ!"

"ಸಿಟ್ಟಲ್ಲಿ ಬಾಗಿಲು ಎಳೀಬಹುದು. ಬಿಲ್ಲೆ ಯಾಕೆ ಡಬ್ಬಿಗೆ ಹಾಕಿದ್ರಿ? ಅದು ಮೊಳೆ ಮೇಲೇ ಇದ್ದಿದ್ರೆ ನನ್ನ ತಮ್ಮ ಬಾಗಿಲು ತೆಗೀತಿದ್ದ."

ಅವರು ಬಾಗಿಲಿಗೆ ಹಣೆ ಒತ್ತಿ ನಿಂತರು. "ತೆಗೀರಪ್ಪ, ಉಸಿರು ಕಟ್ತಿದೆ," ಎಂದರು. ಸಂಗ್ರಾಹಕ ಛೀ ಎಂದು ಮುಖ ತಿರುಗಿಸಿದ. ನನಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

* * *

ಸಂಜೆ ತಮ್ಮನನ್ನು ಠಾಣೆಯಿಂದ ನೇರ ನನ್ನ ಮನೆಗೆ ಕರೆತಂದು ಊಟಕ್ಕಿಟ್ಟೆ. ಅನ್ನ ಆರುತ್ತಿತ್ತು, ಅವನು ಕೈ ಹಾಕಲಿಲ್ಲ.

"ಪೊಲೀಸರಿಗೆ ಒಂದು ಮಾತು ಹೇಳಿಲ್ಲ ಅಕ್ಕಾ. ಅವತ್ತು ದೀಪ ಆರಿಸುವಾಗ ಧಬ್ ಧಬ್ ಅಂತ ಸದ್ದು ಕೇಳಿಸ್ತು. ಮೇಲ್ಗಡೆ ನೀನು ಪುಸ್ತಕದ ಬೆನ್ನಿಗೆ ಸುತ್ತಿಗೆ ಬಡೀತಿದೀಯ ಅಂದ್ಕೊಂಡು ಹೊರಟುಬಿಟ್ಟೆ." ತಲೆ ಎತ್ತಿ ನನ್ನನ್ನು ನೋಡಿದ. "ನೀನೇ ತಾನೇ? ಹೇಳೇ ಅಕ್ಕಾ."

ಅವತ್ತು ಹಲ್ಲುನೋವೆಂದು ಮೂರು ಗಂಟೆಗೇ, ಯಾರಿಗೂ ಹೇಳದೆ, ಹಿಂದಿನ ಬಾಗಿಲಿಂದ ಮನೆಗೆ ಬಂದಿದ್ದೆ.

"ಹೂಂ ಕಣೋ, ನಾನೇ," ಎಂದೆ. "ದಪ್ಪ ದಪ್ಪ ಪುಸ್ತಕ ಇದ್ವು, ಕತ್ತಲಾಗೋವರೆಗೂ ಬಡೀತಿದ್ದೆ."

ಅವನು ಉಸಿರು ಬಿಟ್ಟು ಅನ್ನ ಕಲಸಿಕೊಂಡ. ನಾನು ಎದ್ದು ಹೋಗಿ, ಅವನಿಗೆ ಮುಖ ಕಾಣದಂತೆ, ಸಾರು ಬಿಸಿಗಿಟ್ಟೆ.