ಪೋಸ್ಟ್ ಮಾಡದ ತೆನೆ

ವಿನಿತಾಳಿಗೆ ಜೊತೆಗೆ ಕೂತು ಉಣ್ಣಲು ಯಾರೂ ಇರಲಿಲ್ಲ.

ಆದರೆ ಅವಳ ವೃತ್ತಿಯೇ ಊಟದ ಬಗ್ಗೆ. ಮೊದಲ ಕಾಲದ ಕ್ರೈಸ್ತರಲ್ಲಿ ಗುಲಾಮರು, ವಿಧವೆಯರು, ಪರದೇಶಿಗಳು ಒಂದೇ ರೊಟ್ಟಿ ಮುರಿದು ತಿಂದು ಹೇಗೆ ಮನೆಯವರಾದರು ಎಂಬುದು ಅವಳ ಸಂಶೋಧನೆ. ಪುಸ್ತಕದ ಕೊನೆಯ ಅಧ್ಯಾಯಕ್ಕೆ ಜೆಪ್ಪುವಿನ ಒಂದು ಮನೆಯ ಮೊಂತಿ ಹಬ್ಬದ, ಎಂದರೆ ಕರಾವಳಿಯ ಕ್ರೈಸ್ತರ ಹೊಸ ಬೆಳೆಯ ಹಬ್ಬದ, ಊಟವನ್ನು ಬರೆದಿದ್ದಳು. ಆಮೇಲೆ ಮೂರು ಹಬ್ಬ ಕಳೆದವು. ನಾಲ್ಕನೆಯ ಹಬ್ಬದ ಮಧ್ಯಾಹ್ನ ಅದೇ ಬಾಗಿಲು ತಟ್ಟಿದಳು.

ರೂಬನ್ ತೆರೆದ. ಕೈಯಲ್ಲಿ ಸೌಟು.

"ಎಂತ, ಹೊಸ ಪುಸ್ತಕವಾ? ಈ ಸಲ ನನಗೆ ಎಷ್ಟನೇ ನಂಬರ್?"

ಅಯ್ಯೋ, ಇನ್ನೂ ಮರೆತಿಲ್ಲ...!

ಅವನ ತಾಯಿ ರೊಸಾಲಿನ್ ಎರಡು ವರ್ಷ ಅವಳನ್ನು ಮನೆಗೆ ಬರಲಿರುವ ಸೊಸೆಯೆಂದೇ ಕೂರಿಸಿ ಬಡಿಸಿದ್ದರು. ಪುಸ್ತಕದಲ್ಲಿ ಅವರು ಬರೀ 'ಮಾಹಿತಿದಾರೆ ಏಳು'. ಅದನ್ನು ಓದಿದ ದಿನವೇ ರೂಬನ್ ಮಾತು ಬಿಟ್ಟ. ಅವಳು ಜರ್ಮನಿಗೆ ಹೋದಳು. ರೊಸಾಲಿನ್ ತೀರಿಕೊಂಡ ಸುದ್ದಿ ತಲುಪಿದ್ದು ಕಳೆದ ತಿಂಗಳು.

"ಹೆಸರು ಹಾಕಬಾರದು ಅಂತ ನಿಯಮ ಮಾರಾಯ. ಆದ್ರೆ ಮಮ್ಮಿಯನ್ನು ಒಂದು ಮಾತು ಕೇಳ್ಬೇಕಿತ್ತು. ತಪ್ಪು ನನ್ನದು."

ರೂಬನ್ ಒಳಗೆ ಹೋಗಿ ಮೂರು ಲಕೋಟೆ ತಂದ. ಒಂದೊಂದರೊಳಗೂ ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿದ ಹೊಸ ಭತ್ತದ ತೆನೆ. ಹಬ್ಬದ ದಿನ ಅದರ ಕಾಳನ್ನು ತೆಂಗಿನ ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತಾರೆ. ದೂರದಲ್ಲಿರುವ ಮನೆಯವರಿಗೆ ಅದನ್ನು ಟಪಾಲಿನಲ್ಲಿ ಕಳಿಸುವುದು ವಾಡಿಕೆ. ಮನೆಯವರಿಗೆ ಮಾತ್ರ.

ಎರಡರ ಮೇಲೆ ರೊಸಾಲಿನ್ ಅಕ್ಷರದಲ್ಲಿ ಅವಳ ಹೆಸರು!

"ಪೋಸ್ಟ್ ಮಾಡು ಅಂತ ಮಮ್ಮಿ ಕೊಟ್ಟದ್ದು. ಕಳಿಸಿದೆ ಅಂತ ಸುಳ್ಳು ಹೇಳಿದೆ. ನಿನ್ನ ಉತ್ತರಕ್ಕೆ ಕಾಯ್ತಿದ್ರು..."

"ಮೂರನೆಯದು?"

"ನಾನೇ ಬರೆದದ್ದು, ಮಮ್ಮಿ ಹೋದ ಮೇಲೆ. ಪೋಸ್ಟ್ ಆಫೀಸಿನ ತನಕ ಹೋಗಿ ವಾಪಸ್ ಬಂದೆ. ಯಾವ ಮುಖ ಇಟ್ಕೊಂಡು ಕಳಿಸುವುದು?"

ವಿನಿತಾ ನಿಂತಲ್ಲೇ ಅತ್ತಳು. ಅವನು ಸೌಟು ಹಿಡಿದೇ ನಿಂತಿದ್ದ.

"ಸಿಟ್ಟು ಹೋಯ್ತಾ?" ಅವಳೇ ಕೇಳಿದಳು.

"ಸ್ವಲ್ಪ ಉಂಟು. ನಿಂಗೆ?"

"ನಂಗೂ ಉಂಟು."

"ಹಾಗಾದ್ರೆ ಊಟ ಮಾಡಿ ಜಗಳ ಮಾಡುವ. ಐದು ಪಲ್ಯ ಮಾಡಿದ್ದೇನೆ. ಒಂದರಲ್ಲಿ ಮಾತ್ರ ಉಪ್ಪು ಸರಿ ಉಂಟು."

"ಒಬ್ಬನಿಗೆ ಐದಾ?"

"ಒಬ್ಬನಿಗೆ ಅಂತ ಯಾರು ಹೇಳಿದ್ದು?"

ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು, ಪಕ್ಕದಲ್ಲಿ ಎರಡು ಲೋಟ ತೆಂಗಿನ ಹಾಲು.

"ಮಮ್ಮಿ ಪ್ರತಿ ಹಬ್ಬಕ್ಕೂ ನಿನ್ನ ತಟ್ಟೆ ಇಡ್ತಿದ್ರು. ನಂಗೂ ಅದೇ ಅಭ್ಯಾಸ ಆಗಿದೆ." ಅವನ ದನಿ ತಗ್ಗಿತು. "ಪುನಃ ಹೋಗ್ತೀಯಾ ವಿನ್ನಿ?"

ಅವಳು ಒಣಗಿದ ತೆನೆಯ ಕಾಳು ಸುಲಿದು ಅವನ ಲೋಟದ ತೆಂಗಿನ ಹಾಲಿಗೆ ಹಾಕಿದಳು. ತನ್ನದಕ್ಕೂ.

"ಮೊದಲು ಬಡಿಸು. ಹಸಿವಾಗಿದೆ."

ಮೂರು ಹಬ್ಬ, ಒಬ್ಬ ತಾಯಿ, ಆಕೆ ಕಾದಿದ್ದ ಒಂದು ಉತ್ತರ. ಕಳೆದುಹೋದದ್ದು ಇಷ್ಟು.