ನಾಳೆ ನಾಲ್ಕು ಗಂಟೆಗೆ ಒಳಗೆ ಬರುತ್ತೇನೆ

ಮೂರನೆಯ ಚೀಟಿ ಸಿಕ್ಕ ದಿನ ನನ್ನ ತಲೆ ಕೆಟ್ಟುಹೋಯಿತು. ನಾನು ಓಡಿಸುವ ಸ್ಕೂಲ್ ಬಸ್ಸಿನ ಕೀಲಿಯನ್ನು ಕೈಯಲ್ಲೇ ಹಿಡಿದು, ನಲವತ್ತೆರಡು ಮೆಟ್ಟಿಲು ದಡದಡ ಇಳಿದು, ಕೆಳಮನೆಯ ಬಾಗಿಲು ಬಡಿದೆ. ತೆಗೆದವನು ಮನೆಯ ಮಾಲೀಕ ಎಮಿಲ್ ತಿಬೊಡೊ. ಮೂಗಿನ ಮೇಲೆ ಬಾಯ್ಲರಿನ ಮಸಿ, ಕೈಯಲ್ಲಿ ಸ್ಪ್ಯಾನರ್. ನೋಡಲು ಚೆನ್ನಾಗಿದ್ದ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ನಾಳೆ ನಾಲ್ಕಕ್ಕೆ ಬರ್ತೀನಿ ಅಂತ ಚೀಟಿ ತೂರಿಸ್ತೀರಿ. ಕಾಫಿ ಮಾಡಿಟ್ಟು ಕಾದು, ಬಾಗಿಲು ಬಡಿದಾಗ ಬನ್ನಿ ಅಂದ್ರೆ ಪತ್ತೇನೇ ಇಲ್ಲ. ಆಮೇಲೆ ನೋಡಿದ್ರೆ ಕಿಟಕಿ ಚಿಲಕ ರಿಪೇರಿ ಆಗಿರುತ್ತೆ. ನಾನಿಲ್ಲದಾಗ ನುಗ್ತೀರಾ?"

ನಮ್ಮ ಮೇನ್ ರಾಜ್ಯದಲ್ಲಿ ಬಾಡಿಗೆಮನೆಯೊಳಗೆ ಕಾಲಿಡಬೇಕಾದರೆ ಮಾಲೀಕ ಒಂದು ದಿನ ಮೊದಲು ತಿಳಿಸಬೇಕು. ಬೆಂಕಿ ಬಿದ್ದರೆ, ಪೈಪು ಒಡೆದರೆ ಮಾತು ಬೇರೆ. ಈ ನಿಯಮ ನನಗೆ ಬಾಯಿಪಾಠ. ಬಿಟ್ಟುಬಂದ ಗಂಡ ಕಳ್ಳಕೀಲಿ ಮಾಡಿಸಿಕೊಂಡು ನನ್ನ ಹಿಂದಿನ ಎರಡೂ ಮನೆಗಳಿಗೆ ನುಗ್ಗಿದ್ದ. ಕೆಲಸದಿಂದ ಬಂದರೆ ಅಡುಗೆಮನೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಇದು ಮೂರನೆಯ ಮನೆ, ಇನ್ನೊಮ್ಮೆ ಗಂಟುಮೂಟೆ ಕಟ್ಟುವ ತ್ರಾಣ ನನಗಿರಲಿಲ್ಲ.

ಎಮಿಲ್ ನಾನು ಚಾಚಿದ ಚೀಟಿಗಳನ್ನು ಓದುತ್ತ ಓದುತ್ತ ಮೆಟ್ಟಿಲ ಮೇಲೆಯೇ ಕುಸಿದು ಕೂತ. ಮೂರೂ ಚೀಟಿಗಳು ದಿನಕ್ಕೊಂದು ಹರಿಯುವ ಚರ್ಚಿನ ಕ್ಯಾಲೆಂಡರಿನ ಹಾಳೆಗಳು. ಹಾಳೆಗಳ ಹಿಂದೆ ನೇರಳೆ ಪೆನ್ಸಿಲಿನ ಓರೆ ಅಕ್ಷರ. ಅದು ತನ್ನ ಸೋದರತ್ತೆ ಅರ್ಮಾಂದ್‌ಳ ಕೈಬರಹ ಅಂದ. ಈ ಮೂರಂತಸ್ತಿನ ಮನೆ ಅವಳದೇ ಆಗಿತ್ತಂತೆ, ಫೆಬ್ರವರಿಯಲ್ಲಿ ತೀರಿಕೊಂಡಳಂತೆ. ಯಾವುದೋ ಡ್ರಾಯರಿನಲ್ಲಿ ಸಿಕ್ಕ ಹಳೆ ಚೀಟಿ ತಂದು ಅಣಕಿಸುತ್ತಿದ್ದೇನೆಂದು ಮೊದಲು ನನ್ನ ಮೇಲೇ ರೇಗಿದ. ಆಮೇಲೆ ಹಾಳೆ ತಿರುಗಿಸಿ ನೋಡಿದ. ಇದೇ ವರ್ಷದ ಅಕ್ಟೋಬರ್.

ಮರುದಿನ ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವನು ನನ್ನ ಹೊಸ್ತಿಲಾಚೆ ನಿಂತು, ಒಳಗೆ ಬರಬಹುದೇ ಎಂದು ಕೇಳಿದ. ಮನೆ ಅವನದೇ, ಆದರೂ ಕೇಳಿದ. ಅದು ನನ್ನ ಮನಸ್ಸಿಗೆ ನಾಟಿತು.

ಚರ್ಚಿನ ಗಂಟೆ ನಾಲ್ಕು ಹೊಡೆಯಿತು. ಕೆಳಗೆ ಮೆಟ್ಟಿಲಿನಲ್ಲಿ ಊರುಗೋಲಿನ ಸದ್ದು. ಅತ್ತೆಯದು, ಅಂದ ಎಮಿಲ್. ಟುಕ್, ಒಂದು ಹೆಜ್ಜೆ. ಟುಕ್, ಇನ್ನೊಂದು. ನನ್ನ ಬಾಗಿಲಿನ ಮುಂದೆ ಬಂದು ನಿಂತಿತು. ಮೂರು ಸಲ ಬಡಿದ ಸದ್ದು. ನಾನು ಅಭ್ಯಾಸಬಲದಿಂದ, ಬನ್ನಿ ಅಂದುಬಿಟ್ಟೆ. ಬಾಗಿಲು ತೆರೆಯಲಿಲ್ಲ. ಕಾಫಿಯ ಹಬೆ ಮಾತ್ರ ತಟ್ಟನೆ ನಿಂತಿತು. ನೆಲಕ್ಕೆ ತಿಕ್ಕುವ ಮೇಣದ ವಾಸನೆ, ಸೋಂಪಿನ ಮಿಠಾಯಿಯ ವಾಸನೆ. ವಾರದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿ ನಮ್ಮ ಕಣ್ಣೆದುರಿಗೇ ನಿಧಾನವಾಗಿ ತಿರುಗಿ ಮುಚ್ಚಿಕೊಂಡಿತು.

ನಾನು ಎಮಿಲ್‌ನ ತೋಳು ಹಿಡಿದಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ. ಅವನು ಅಳುತ್ತಿದ್ದ.

ಅತ್ತೆ ಸಾಕಿದ ಹುಡುಗ ಅವನು. ಎಂಟು ವರ್ಷದವನಿದ್ದಾಗ ಅವನ ಕೋಣೆಗೂ ಅವಳು ಕೇಳದೆ ಬರುತ್ತಿರಲಿಲ್ಲವಂತೆ. ಬಾಡಿಗೆದಾರರಿಗಂತೂ ಯಾವಾಗಲೂ ಚೀಟಿ, ಗಂಟೆ, ಕಾರಣ. ಆದರೆ ಈಗೇಕೆ ಬರುತ್ತಿದ್ದಾಳೆ? ನಾನು ಬಾಡಿಗೆ ಕರಾರನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಮಾರ್ಚಿನಲ್ಲಿ ಎಮಿಲ್ ಅತ್ತೆಯ ಹಳೆಯ ನಮೂನೆಯನ್ನೇ ತುಂಬಿಸಿ ಕೊಟ್ಟಿದ್ದ. ಮೇಲ್ಗಡೆ ಟೈಪ್ ಮಾಡಿದ್ದ ಹೆಸರು ಹಾಗೇ ಇತ್ತು. ಮಾಲೀಕರು: ಅರ್ಮಾಂದ್ ತಿಬೊಡೊ.

"ಹೆಸರು ಹೊಡೆದು ಹಾಕಿಲ್ವಾ ನೀವು?"

"ಪೆನ್ನು ಇಟ್ಟೆ. ಕೈ ಬರಲಿಲ್ಲ."

ಹೆಸರು ಹೊಡೆದು ಹಾಕುವುದಕ್ಕೆ ಅತ್ತೆಯದೇ ಒಂದು ಕ್ರಮವಿತ್ತಂತೆ. ಸ್ಕೇಲ್ ಇಟ್ಟು ಒಂದೇ ಗೆರೆ ಎಳೆಯಬೇಕು. ಗೆರೆಯ ಪಕ್ಕದಲ್ಲಿ, ಬಿಟ್ಟುಹೋಗುವವರದೂ ಹೊಸದಾಗಿ ಬರುವವರದೂ, ಇಬ್ಬರ ಇನಿಷಿಯಲ್ ಇರಬೇಕು. ಇಲ್ಲದಿದ್ದರೆ ಆ ಹೆಸರು ಹೋದ ಹಾಗಲ್ಲ. ಅಂದರೆ ಕಾಗದದ ಪ್ರಕಾರ ನನ್ನ ಮಾಲೀಕಳು ಅವಳೇ. ಇಬ್ಬರೂ ನಕ್ಕೆವು. ನಗುವಾಗಲೂ ನನ್ನ ಕತ್ತಿನ ಕೂದಲು ನಿಮಿರಿಕೊಂಡೇ ಇತ್ತು.

ಆಮೇಲೆ ವಾರಕ್ಕೊಂದು ಚೀಟಿ. ಪ್ರತಿ ಚೀಟಿಗೂ ಎಮಿಲ್ ಮೇಲೆ ಬರುತ್ತಿದ್ದ. ಬರುವಾಗ ಒಮ್ಮೆ ಮಾಂಸದ ಕಡುಬು ತಂದ, ಇನ್ನೊಮ್ಮೆ ಚರ್ಚಿನ ಊಟದ ಬೀನ್ಸ್ ಕಾಳು. ನಾನು ಬಸ್ಸಿನ ಮಕ್ಕಳ ತರಲೆ ಹೇಳಿದರೆ ತಲೆ ತಗ್ಗಿಸಿ ನಗುತ್ತಿದ್ದ. ನಾನು ಬೇರೆ ಕಡೆ ತಿರುಗಿದ್ದೇನೆ ಅಂದುಕೊಂಡು ನನ್ನನ್ನೇ ನೋಡುತ್ತಿದ್ದ. ಕಿಟಕಿಯ ಗಾಜಿನಲ್ಲಿ ನನಗೆ ಎಲ್ಲ ಕಾಣುತ್ತಿತ್ತು. ಒಂದು ಚೀಟಿಯಲ್ಲಿ, ಎರಡನೆಯ ಕುರ್ಚಿಯ ಕಾಲು ಅಲ್ಲಾಡುತ್ತಿದೆ ಎಂಬ ಕಾರಣವಿತ್ತು. ಅದು ಎಮಿಲ್ ಕೂರುತ್ತಿದ್ದ ಕುರ್ಚಿ. ಮುದುಕಿ ನಮಗೆ ಗಂಟು ಹಾಕಲು ಹೊರಟಿದ್ದಾಳೆ ಎಂದು ನಾನು ತಮಾಷೆ ಮಾಡಿದೆ, ಅವನ ಕಿವಿ ಕೆಂಪಾಯಿತು.

ಆದರೆ ಕೊನೆಯ ಚೀಟಿ ನೋಡಿ ತಮಾಷೆ ಮರೆತುಹೋಯಿತು. ನವೆಂಬರ್ ಮೂವತ್ತು, ನಾಲ್ಕು ಗಂಟೆ. ಕಾರಣ: ವಾಸಕ್ಕೆ.

ಅಂದೇ ನನ್ನ ಕರಾರು ಮುಗಿಯುವುದು. ಮುಗಿದ ದಿನ ಮನೆ ಮಾಲೀಕರ ವಶಕ್ಕೆ ಎಂದು ಅದರಲ್ಲೇ ಬರೆದಿತ್ತು. ಹೆಸರು ಹೊಡೆದು ಹಾಕಿ ಎಂದು ನಾನು ಎಮಿಲ್‌ಗೆ ದಿನವೂ ಹೇಳಿದೆ. ನಾಳೆ ಅಂದ, ನಾಡಿದ್ದು ಅಂದ. ಇಪ್ಪತ್ತೆಂಟರಂದು ನಡುಮನೆಯಲ್ಲಿ ಪೆಟ್ಟಿಗೆ ತೆರೆದು ಬಟ್ಟೆ ತುಂಬತೊಡಗಿದೆ. ಅವನು ಹೊಸ್ತಿಲಾಚೆಯೇ ನಿಂತ.

"ನಿಮ್ಮ ಅತ್ತೆಯನ್ನ ನೀವೇ ಉಳಿಸ್ಕೊಳ್ಳಿ," ಅಂದೆ. "ಇನ್ನೊಬ್ಬರು ಬಂದು ಕೂತಿರೋ ಮನೆಗೆ ನಾನು ಕೀಲಿ ತಿರುಗಿಸಲ್ಲ. ಸತ್ತವರಾದ್ರೂ ಸರಿ."

ಅವನು ಮೆಲ್ಲಗೆ ಹೇಳಿದ. "ಅವಳು ತೀರಿಹೋದ ದಿನ ನಾನು ಅವಳ ಔಷಧಿ ತರೋಕೆ ಹೋಗಿದ್ದೆ, ಸೊಲಾಂಜ್. ಹತ್ತು ನಿಮಿಷ. ಹೇಳದೆ ಯಾರ ಮನೆಗೂ ಕಾಲಿಡದವಳು ನನಗೊಂದು ಮಾತು ಹೇಳದೆ ಹೋಗ್ಬಿಟ್ಳು. ಈಗ ದಿನ, ಗಂಟೆ ಎಲ್ಲ ಬರೆದು ಬರ್ತಾಳೆ. ಬೇಡ ಅನ್ನೋದು ಹ್ಯಾಗೆ?"

ನನ್ನ ಎದೆ ಕರಗಿತು. ಆದರೂ ಬಟ್ಟೆ ತುಂಬುವುದನ್ನು ನಿಲ್ಲಿಸಲಿಲ್ಲ.

ಮೂವತ್ತರಂದು ನಾಲ್ಕಕ್ಕೆಲ್ಲ ಆಕಾಶ ಕಪ್ಪಿಟ್ಟಿತ್ತು. ಎಮಿಲ್ ಸ್ಕೇಲ್ ತಂದಿದ್ದ. ಕರಾರನ್ನು ಮುಂದಿಟ್ಟುಕೊಂಡು ಕೂತ, ಆದರೆ ಪೆನ್ನು ಮುಟ್ಟಲಿಲ್ಲ. ಗಂಟೆ ಹೊಡೆಯಿತು. ಊರುಗೋಲು ಮೇಲೆ ಬಂತು. ಈ ಸಲ ಅದರ ಹಿಂದೆ ಭಾರವಾದದ್ದೇನೋ ಮೆಟ್ಟಿಲಿಂದ ಮೆಟ್ಟಿಲಿಗೆ ಎಳೆದು ತರುವ ಸದ್ದಿತ್ತು, ಟ್ರಂಕಿನ ಹಾಗೆ. ಮೂರು ಸಲ ಬಡಿಯಿತು. ನಾನು ಬನ್ನಿ ಅನ್ನಲಿಲ್ಲ. ಮತ್ತೆ ಮೂರು ಸಲ. ಬಾಗಿಲಿನ ಹಿಡಿ ಒಂದಿಷ್ಟು ತಿರುಗಿತು. ಹಳೆಯ ಮನೆಗಳಲ್ಲಿ ಗಂಡ ಕೂತಿರುತ್ತಿದ್ದ ಕುರ್ಚಿ ಕಣ್ಮುಂದೆ ಬಂತು.

ಎಮಿಲ್ ನನ್ನ ಮುಖ ನೋಡಿದ. ಕರಾರು, ಸ್ಕೇಲ್, ಪೆನ್ನು ಎತ್ತಿಕೊಂಡು ಬಾಗಿಲಿನ ಹತ್ತಿರ ಹೋದ.

"ಅತ್ತೆ, ಇದು ಸೊಲಾಂಜ್ ಮನೆ. ಅವಳು ಬಾ ಅಂತಿಲ್ಲ. ಒಪ್ಪಿಗೆ ಇಲ್ಲದೆ ಒಳಗೆ ಹೋಗಬಾರದು ಅಂತ ನೀನೇ ಕಲಿಸಿದ್ದು."

ಹಿಡಿ ನಿಂತಿತು. ಅವನು ನೆಲದ ಮೇಲೆಯೇ ಕೂತು, ಸ್ಕೇಲ್ ಇಟ್ಟು, ಅವಳ ಹೆಸರಿನ ಮೇಲೆ ಒಂದೇ ಗೆರೆ ಎಳೆದ. ಕೆಳಗೆ ತನ್ನ ಹೆಸರು ಬರೆದು ಪಕ್ಕದಲ್ಲಿ ಇನಿಷಿಯಲ್ ಹಾಕಿದ. ಆಮೇಲೆ ಕಾಗದವನ್ನು ಬಾಗಿಲಡಿಯಿಂದ ಆಚೆ ತಳ್ಳಿದ.

ಎಷ್ಟು ಹೊತ್ತಾಯಿತೋ. ಕೊನೆಗೆ ಪೆನ್ಸಿಲು ಕಾಗದದ ಮೇಲೆ ಉಜ್ಜುವ ಸದ್ದು ಕೇಳಿಸಿತು. ಕಾಗದ ನಿಧಾನವಾಗಿ ಒಳಗೆ ಬಂತು. ಅಂಚೆಲ್ಲ ಮಂಜುಗಟ್ಟಿತ್ತು. ಗೆರೆಯ ಪಕ್ಕದಲ್ಲಿ ನೇರಳೆ ಅಕ್ಷರದಲ್ಲಿ ಅವಳ ಇನಿಷಿಯಲ್. ಅದರ ಕೆಳಗೆ ಒಂದೇ ಸಾಲು: ಈಗ ಹೇಳಿ ಹೋಗುತ್ತಿದ್ದೇನೆ, ಎಮಿಲ್.

ಊರುಗೋಲು ಕೆಳಗಿಳಿಯಿತು. ನಲವತ್ತೆರಡನ್ನೂ ಎಮಿಲ್ ತುಟಿಯಲ್ಲೇ ಎಣಿಸಿದ. ಬೀದಿಬಾಗಿಲು ತೆರೆದು ಮುಚ್ಚಿಕೊಂಡಿತು.

ಅವನು ಕಣ್ಣೊರೆಸಿಕೊಂಡು, ನನಗೊಂದು ಮಾತೂ ಆಡದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಹೊರಟೇ ಹೋದನೆಂದುಕೊಂಡೆ. ಅಷ್ಟರಲ್ಲಿ ಬಾಗಿಲಡಿಯಿಂದ ಒಂದು ಚೀಟಿ ಬಂತು, ಡಿಸೆಂಬರ್ ಒಂದರ ಹಾಳೆ. ಹಿಂದೆ ಅವನ ದಪ್ಪ ಅಕ್ಷರ: ನಾಳೆ ನಾಲ್ಕು ಗಂಟೆಗೆ ಒಳಗೆ ಬರಲು ಅನುಮತಿ ಬೇಕು. ಕಾರಣ: ನಿನ್ನನ್ನು ಪ್ರೀತಿಸುತ್ತೇನೆ.

ಅಷ್ಟು ದಿನದಲ್ಲಿ ಅವನು ನನ್ನನ್ನು ನೀನು ಅಂದದ್ದು ಅದೇ ಮೊದಲು. ಒಂದು ದಿನ ಕಾಯುವ ಅಗತ್ಯವಿಲ್ಲ ಎಂದು ನಾನು ಕೆಳಗೆ ಬರೆದು, ಇನಿಷಿಯಲ್ ಹಾಕಿ, ಆಚೆ ತಳ್ಳಿದೆ. ಆಮೇಲೆ ಬಾಗಿಲು ತೆರೆದೆ.

ಹೊಸ್ತಿಲಾಚೆ ನಿಂತಿದ್ದ ಅವನ ಕೈಯಲ್ಲಿ ನೇರಳೆ ಪೆನ್ಸಿಲಿತ್ತು. ಮೆಟ್ಟಿಲ ಮೇಲೆ ಬಿದ್ದಿತ್ತು ಅಂದ. ಮುಟ್ಟಿ ನೋಡಿದೆ, ಕೊರೆಯುವಷ್ಟು ತಣ್ಣಗಿತ್ತು. ಅವನ ಬೆರಳುಗಳು ಮಾತ್ರ ಬೆಚ್ಚಗಿದ್ದವು.

"ಬಾ," ಅಂದೆ.